ಗಿಡುಗಕ್ಕೆ ಎದೆಯೊಡ್ಡಿ

ಕಂದಕ ದಾಟುವ ಬಗೆ ನನಗೆ ಗೊತ್ತಿದೆ. ಅದನ್ನು ನಾನು ಯಾರಿಗೂ ಹೇಳಿಲ್ಲ. ದಿನಚರಿಯಲ್ಲಿಯೂ ಬರೆದಿಲ್ಲ. ದಿನಚರಿಯಲ್ಲಿ ಎಂಥೆಂಥದನ್ನೋ ಬರೆಯುತ್ತೇನೆ. ಹಾಲು ಉಕ್ಕಿದ್ದು, ಪಕ್ಕದ ಮನೆಯ ಬೆಕ್ಕು ನಮ್ಮ ಅಟ್ಟದಲ್ಲಿ ಮರಿ ಹಾಕಿದ್ದು, ದಾರಿಯಲ್ಲಿ ಯಾರೋ ನಕ್ಕಾಗ ವಾಪಸ್ಸು ನಗಲಾಗದೆ ಚಪ್ಪಲಿ ನೋಡಿಕೊಂಡು ಬಂದದ್ದು, ಎಲ್ಲ. ಇದೊಂದನ್ನು ಬರೆಯಲು ಕೂತರೆ ಮಾತ್ರ ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಹಾಕುತ್ತೇನೆ, ಕೊನೆಗೆ ಎದ್ದು ಹೋಗಿ ಏನಾದರೂ ಪಾತ್ರೆ ತೊಳೆಯುತ್ತೇನೆ. ಹೇಳಿದರೆ ಊರಿಗೆ ಬೆಳಕು ಬರುತ್ತದೆ. ಬೆಳಕು ಬಂದರೆ, ಕಣ್ಣು ಹೋಗುತ್ತಿರುವುದು ತನ್ನದೇ ಎಂದು ಚಿಕ್ಕಮ್ಮನಿಗೆ ಗೊತ್ತಾಗುತ್ತದೆ. ನನ್ನ ಹೆದರಿಕೆ ಇಷ್ಟೇ. ಎದೆಯೊಳಗೆ ಮಾತ್ರ ಇದು ಇಷ್ಟೇ ಆಗಿ ಉಳಿದಿಲ್ಲ.

ನಮ್ಮೂರಿನ ಆಕಾಶ ಎಂದರೆ ಆಟದೊಳಗಿನ ಆಕಾಶವೇ. ಆಟದ ಮನೆಯ ಗಾಜಿನ ಪರದೆಯಲ್ಲಿ ನಮ್ಮವರು ಯಾವ ಘಟ್ಟದಲ್ಲಿರುತ್ತಾರೋ ಆ ಘಟ್ಟದ ಬಣ್ಣವೇ ನಮ್ಮ ತಲೆಯ ಮೇಲೂ ಇರುತ್ತದೆ. ಮೊದಲನೆಯದು ಕಾಡಿನ ಘಟ್ಟ. ಆಗ ಆಕಾಶ ತಿಳಿನೀಲಿ ಇತ್ತೆಂದು ಹಿರಿಯರು ಹೇಳುತ್ತಾರೆ. ಎರಡನೆಯದು ಮರಳುಗಾಡು, ಸಿಹಿಗುಂಬಳದ ಬಣ್ಣ. ಮೂರನೆಯದು ಹಿಮದ ಬೆಟ್ಟ. ನಾನು ಹುಟ್ಟಿದ್ದು ಆ ಬಿಳಿ ಬೆಳಕಿನಲ್ಲಿ. ನಾಲ್ಕನೆಯದು ಮಾಳಿಗೆಗಳ ಘಟ್ಟ. ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಎಡದಿಂದ ಬಲಕ್ಕೆ ಹೋಗುವುದು, ಹಿಂದುಗಡೆ ನೇರಳೆ ಬಣ್ಣದ ಮುಸ್ಸಂಜೆ. ನಾನು ಹೈಸ್ಕೂಲಿಗೆ ಸೇರಿದ ವರ್ಷ ಈ ಮುಸ್ಸಂಜೆ ಬಂತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೇನೆ, ಇನ್ನೂ ಹೋಗಿಲ್ಲ. ಮುಂದಿನ ಘಟ್ಟ ಬಂದರೆ ಬೆಳಕು ಬರುತ್ತದೆಂದು ಊರೆಲ್ಲ ನಂಬಿದೆ.

ರೂಢಿಯಾಗಿಬಿಟ್ಟಿದೆ. ಹಗಲಿಡೀ ನೇರಳೆ ಮಬ್ಬು, ಯಾವ ವಸ್ತುವಿಗೂ ನೆರಳಿಲ್ಲ. ಬಿಸಿಲಿಲ್ಲವೆಂದು ಹೆಂಗಸರು ಸಂಡಿಗೆಯನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲೇ ಒಣಗಿಸುವುದನ್ನು ಕಲಿತರು. ಈಗ ಹೊಗೆಯ ವಾಸನೆಯಿಲ್ಲದ ಸಂಡಿಗೆ ಯಾರಿಗೂ ರುಚಿಸುವುದಿಲ್ಲ. ಕೋಳಿಗಳು ಮೊದಮೊದಲು ಗೊಂದಲಪಟ್ಟು, ಆಮೇಲೆ ತಮಗೆ ತೋಚಿದಾಗ ಕೂಗತೊಡಗಿದವು. ಹೆಣ್ಣು ನೋಡಲು ಬರುವವರು ತಾವೇ ಟಾರ್ಚು ತರುತ್ತಾರೆ. ಈ ಮಬ್ಬಿನಲ್ಲೇ ಹುಟ್ಟಿದ ಮಕ್ಕಳಿಗೆ ಶಾಲೆಯಲ್ಲಿ ಬಿಸಿಲಿನ ನೆರಳು ಎಂದರೇನೆಂದು ಚಿತ್ರ ಬರೆದು ತೋರಿಸಬೇಕು. ಅವು ನಂಬುವುದಿಲ್ಲ.

ನಮ್ಮವರು ಎಂದರೆ ಪರದೆಯಲ್ಲಿ ಓಡುವ ಹೆಬ್ಬೆರಳುದ್ದದ ಬೊಂಬೆ. ತಲೆಗೊಂದು ಪಟ್ಟಿ, ಕೈಯಲ್ಲೊಂದು ಚಾವಟಿ. ಗಂಡೋ ಹೆಣ್ಣೋ ಎಂದು ಹಿಂದೆ ಯಾವಾಗಲೋ ಜಗಳವಾಗಿ, ಕೊನೆಗೆ ಬಹುವಚನದಲ್ಲಿ ರಾಜಿಯಾಯಿತಂತೆ. ಪರದೆ ಇರುವುದು ಆಟದ ಮನೆಯ ಹಜಾರದ ಗೋಡೆಯಲ್ಲಿ. ಆದರೆ ಆಡಿಸುವ ಹಿಡಿ ಮತ್ತು ಗುಂಡಿಗಳಿರುವುದು ಆ ಗೋಡೆಯ ಹಿಂದಿನ ಕಿರುಕೋಣೆಯಲ್ಲಿ. ಅಲ್ಲಿ ಕೂತವರಿಗೆ ಪರದೆ ಕಾಣುವುದಿಲ್ಲ. ಅದಕ್ಕೇ ಆಡಲು ಇಬ್ಬರು ಬೇಕು. ಒಳಗೆ ಕೂತು ಆಡಿಸುವವರು ಕೈ. ಹೊರಗೆ ನಿಂತು ಪರದೆ ನೋಡಿ, ಗೋಡೆಯಲ್ಲಿರುವ ಹಿತ್ತಾಳೆ ಬಳೆಯ ತೂತಿಗೆ ಕೂಗುವವರು ಬಾಯಿ. ದಿನಕ್ಕೊಂದು ಮನೆಯ ಸರದಿ, ಒಂದು ಸರದಿಗೆ ಮೂರು ಜೀವ. ಬಾಯಿಗೆ ಇರುವುದು ನಾಲ್ಕೇ ಕೂಗು: ನಡೆ, ಹಾರು, ಕೂರು, ಹೊಡಿ. ಬಾಯಿ ಸುಮ್ಮನಿದ್ದರೆ ಕೈ ಮುಂದಕ್ಕೆ ನಡೆಸುತ್ತಲೇ ಇರಬೇಕು. ಅದು ನಿಯಮ ಅಂತಲ್ಲ, ಯಾರೂ ಬೇರೆ ರೀತಿ ಮಾಡಿದವರಿಲ್ಲ.

ನಾಲ್ಕನೆಯ ಘಟ್ಟದ ಮೊದಲರ್ಧ ಎಲ್ಲರಿಗೂ ಬಾಯಿಪಾಠ. ಉರುಳಿ ಬರುವ ಹಂಡೆಗಳನ್ನು ಹಾರಬೇಕು. ಬಾವಲಿ ಕೆಳಗಿಳಿದಾಗ ಕೂರಬೇಕು, ಹೊಡೆಯಲು ಹೋಗಬಾರದು, ಹೊಡೆದರೆ ಇನ್ನೊಂದು ಬರುತ್ತದೆ. ಭರ್ಜಿಯವನ ಹತ್ತಿರ ಹೋಗುವಾಗ ಅವನು ಕೈ ಎತ್ತುವ ಮುಂಚೆಯೇ ಹೊಡೆಯಬೇಕು. ದೀಪದ ಕಂಬ ಒಡೆದರೆ ಒಂದು ರೊಟ್ಟಿ ಬೀಳುತ್ತದೆ, ಅದನ್ನು ತಿಂದರೆ ಕಳೆದ ಶಕ್ತಿ ಮರಳುತ್ತದೆ. ತೊಟ್ಟಿಲು ತೂಗುವಾಗ ಇದನ್ನೇ ಹಾಡುವ ತಾಯಂದಿರಿದ್ದಾರೆ. ಕೊನೆಯಲ್ಲಿ ಬರುತ್ತದೆ ಕಂದಕ. ಎರಡು ಮಾಳಿಗೆಗಳ ನಡುವೆ ಕಪ್ಪು ಬಾಯಿ. ಅಂಚಿನಲ್ಲಿ ನಿಂತ ಕೂಡಲೆ ಹಿಂದಿನಿಂದ, ಎಡಗಡೆಯಿಂದ, ಒಂದು ಗಿಡುಗ ಬರುತ್ತದೆ. ಎಷ್ಟು ಅಂಚಿನಿಂದ ಹಾರಿದರೂ ಆಚೆ ಮಾಳಿಗೆ ಒಂದು ಗೇಣಿನಷ್ಟು ದೂರ ಉಳಿಯುತ್ತದೆ. ಹಾರದೆ ನಿಂತರೆ ಗಿಡುಗ ಬಡಿದು ಹಿಂದಕ್ಕೆ ಎಸೆಯುತ್ತದೆ.

ಈ ಒಂದು ಗೇಣಿನ ಬಗ್ಗೆ ನಮ್ಮೂರಿನಲ್ಲಿ ಆಗಿರುವಷ್ಟು ವಾದ ಆಸ್ತಿಗಾಗಿಯೂ ಆಗಿಲ್ಲ. ಓಡಿ ಬಂದು ಹಾರಬೇಕು ಎನ್ನುವವರು ಒಂದು ಕಡೆ, ನಿಂತು ಹಾರಬೇಕು ಎನ್ನುವವರು ಇನ್ನೊಂದು ಕಡೆ. ಗಾಳಿಯಲ್ಲಿದ್ದಾಗ ಚಾವಟಿ ಬೀಸಿದರೆ ಮೈ ಹಗುರಾಗುತ್ತದೆ ಎನ್ನುವುದು ಪಕ್ಕದ ಮನೆಯ ಮಲ್ಲಾರಪ್ಪನವರ ಸಿದ್ಧಾಂತ. ಅವರದು ಮಂಡಕ್ಕಿ ಅಂಗಡಿ, ಊರಿಗೇ ದೊಡ್ಡ ಗಂಟಲು. ಖಾರ ಕಲಸುತ್ತ ಕಲಸುತ್ತ ಗಿರಾಕಿಗಳಿಗೆ ಸಟ್ಟುಗದಲ್ಲೇ ಬೀಸಿ ತೋರಿಸುತ್ತಾರೆ. "ಹಾರು, ಹೊಡಿ! ಹಾರು, ಹೊಡಿ! ಎರಡರ ಮಧ್ಯೆ ಉಸಿರು ಬಿಡ್ಬಾರ್ದು ನೋಡಿ." ಮಂಡಕ್ಕಿ ಚೆಲ್ಲುತ್ತದೆ. ನಮ್ಮವರು ಬೀಳುತ್ತಾರೆ. ಮರುದಿನ ಅಂಗಡಿ ಮುಂದೆ ಮತ್ತೆ ಅದೇ ವಾದ.

ಚಿಕ್ಕಮ್ಮ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಹೆಸರು ಅಮೃತಮ್ಮ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳೇ. ಅವಳ ಬೆರಳುಗಳು ನಿದ್ದೆಯಲ್ಲೂ ಗಂಟು ಹಾಕುತ್ತಿರುತ್ತವೆ, ಹೊದಿಕೆಯ ಅಂಚನ್ನು ಬೆಳಿಗ್ಗೆ ನಾನು ಬಿಡಿಸಬೇಕು. ಈ ನಡುವೆ ಅವಳು ಹಸಿರಿಗೆ ನೀಲಿ, ಕೆಂಪಿಗೆ ಕಂದು ಕಟ್ಟತೊಡಗಿದಳು. "ಹಾಳು ಆಕಾಶ, ದಾರ ದಾರಕ್ಕೂ ವ್ಯತ್ಯಾಸನೇ ಗೊತ್ತಾಗಲ್ಲ," ಎಂದು ಬೈಯುತ್ತಾಳೆ. ನಾನು "ಹೌದು ಚಿಕ್ಕಮ್ಮ" ಎನ್ನುತ್ತೇನೆ. ಅದೇ ಆಕಾಶದ ಕೆಳಗೆ ನನಗೆ ವ್ಯತ್ಯಾಸ ಗೊತ್ತಾಗುತ್ತದೆ. ಈಗ ಅವಳು ಕೇಳುವ ಮುಂಚೆಯೇ ದಾರ ಎತ್ತಿ ಕೊಡುತ್ತೇನೆ, "ಇದು ಹಳದಿ, ಇದು ಎಲೆಹಸಿರು" ಎಂದು ಮೆಲ್ಲಗೆ ಹೇಳಿ. ಅವಳು ಮಧ್ಯಾಹ್ನ ಒರಗಿದಾಗ, ತಪ್ಪಿದ ಕುಚ್ಚುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತೇನೆ. ನನ್ನ ಗಂಟು ಅವಳದರಷ್ಟು ಬಿಗಿಯಲ್ಲ. ಗಿರಾಕಿಗಳು ಅದಕ್ಕೂ ಆಕಾಶವನ್ನೇ ದೂರುತ್ತಾರೆ.

ಮಂಡಿನೋವಿಗೆಂದು ಲೂಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಚಿಕ್ಕಮ್ಮ ಬಾಗಿಲ ಪಕ್ಕದ ಸ್ಟೂಲನ್ನು ಒದ್ದು ಬೀಳಿಸಿದಳು. ಡಾಕ್ಟರು ಮಂಡಿ ಬಿಟ್ಟು ಕಣ್ಣಿಗೆ ಟಾರ್ಚು ಹಿಡಿದರು. ಅದನ್ನು ಪಕ್ಕಕ್ಕೆ ಸರಿಸುತ್ತ, "ಬೆಳಕು ಕಾಣ್ತಿದ್ಯಾ ಅಮ್ಮಾ?" ಎಂದು ಕೇಳಿದರು.

"ಆರಿಸ್ಬಿಟ್ರಲ್ಲ, ಇನ್ನೇನ್ ಕಾಣುತ್ತೆ," ಎಂದಳು ಚಿಕ್ಕಮ್ಮ.

ಟಾರ್ಚು ಉರಿಯುತ್ತಲೇ ಇತ್ತು. ಡಾಕ್ಟರು ಕಣ್ಣಿನ ವಿಷಯ ಎತ್ತಿದರು. ಚಿಕ್ಕಮ್ಮ ನಕ್ಕಳು. "ಈ ಊರಲ್ಲಿ ಯಾರಿಗೆ ನೆಟ್ಟಗೆ ಕಾಣುತ್ತೆ ಡಾಕ್ಟ್ರೇ? ನಿಮಗೆ ಕಾಣುತ್ತಾ? ಮಂಡಿಗೆ ಏನಾದ್ರೂ ಕೊಡಿ." ಆಮೇಲೆ ನನ್ನನ್ನು ಒಬ್ಬಳನ್ನೇ ಔಷಧಿ ಕಿಟಕಿಯ ಹತ್ತಿರ ಕರೆದು ಡಾಕ್ಟರು ಹೇಳಿದರು, "ಪಕ್ಕದ ನೋಟ ಹೋಗಿದೆ, ಇನ್ನು ನಡುಭಾಗಕ್ಕೆ ಬರುತ್ತೆ. ಹೋಗಿದ್ದು ಬರಲ್ಲ. ಈಗಿಂದ ದಿನಾ ಹನಿ ಹಾಕಿದ್ರೆ ಉಳಿದಿದ್ದು ಉಳಿಯುತ್ತೆ. ನಾನ್ ಹೇಳಿದ್ರೆ ನಗ್ತಾರೆ. ನೀನ್ ಮನೆಯವಳು. ನೀನ್ ಹೇಳಮ್ಮ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದಿಲ್ಲ. ದಾರಿಯಲ್ಲಿ, ಊಟದ ಹೊತ್ತಿನಲ್ಲಿ, ದಾರ ಸುತ್ತುವಾಗ, ಎಷ್ಟೋ ಸಲ ಬಾಯಿ ತೆರೆದೆ. "ಏನೇ?" ಎನ್ನುತ್ತಾಳೆ ಚಿಕ್ಕಮ್ಮ. "ಏನಿಲ್ಲ" ಎನ್ನುತ್ತೇನೆ. ಒಮ್ಮೆ ಧೈರ್ಯ ಮಾಡಿ, ಕಣ್ಣಿಗೆ ಹನಿ ಹಾಕಿ ನೋಡೋಣವಾ ಎಂದಷ್ಟೇ ಕೇಳಿದೆ. ಅವಳು ಕುಚ್ಚಿನಿಂದ ತಲೆಯೆತ್ತದೆ, "ಬೆಳಕು ಬರ್ಲಿ ಇಂದೂ. ಬೆಳಕು ಬಂದ್ಮೇಲೂ ಹೀಗೇ ಇದ್ರೆ ನಿನ್ ಡಾಕ್ಟ್ರ ಹನಿ ಹಾಕಿಸ್ಕೋತೀನಿ, ಕುಡಿ ಅಂದ್ರೆ ಕುಡೀತೀನಿ. ಮಬ್ಬಲ್ಲಿ ಕಣ್ಣಿಗೆ ಔಷಧಿ ಹಾಕೋದು ಮಳೇಲಿ ಗಿಡಕ್ಕೆ ನೀರ್ ಹಾಕಿದ ಹಾಗೆ," ಎಂದು ನಕ್ಕಳು. ಅವತ್ತಿನಿಂದ ನನ್ನೊಳಗೆ ಎರಡು ಮಾತು ಒಂದಕ್ಕೊಂದು ಗಂಟು ಬಿದ್ದವು. ಬೆಳಕು ಬಾರದೆ ಅವಳು ಹನಿ ಹಾಕಿಸಿಕೊಳ್ಳುವುದಿಲ್ಲ. ಬೆಳಕು ತರುವ ಬಗೆ ನನ್ನ ಹತ್ತಿರ ಇದೆ. ತಂದ ದಿನ ಅವಳಿಗೆ ಉಳಿದಿರುವ ಸುಳ್ಳು ಸಮಾಧಾನವೂ ಹೋಗುತ್ತದೆ.

ಆ ಬಗೆ ನನಗೆ ಗೊತ್ತಾದದ್ದು ಎಲ್ಲರೂ ನಕ್ಕ ಒಂದು ಸಂಜೆ. ಅಂದು ಕೈಗೆ ಕೂತಿದ್ದ ಮುದುಕರೊಬ್ಬರು ಕಂದಕದ ಅಂಚಿನಲ್ಲಿ ಜೋರಾಗಿ ಸೀನಿದರು. ಹಿಡಿ ಎಡಕ್ಕೆ ವಾಲಿತು. ನಮ್ಮವರು ಗಿಡುಗದ ಕಡೆ ತಿರುಗಿದರು. ಗಿಡುಗ ಎದೆಗೆ ಬಡಿಯಿತು, ನಮ್ಮವರು ಬೆನ್ನು ಮುಂದಾಗಿ ಎಗರಿ ಕಂದಕಕ್ಕೆ ಬಿದ್ದರು. ಹಜಾರ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಅವರು ಬಿದ್ದ ಜಾಗ ನೋಡಿದೆ. ಹಾರದೆಯೇ, ಬರೀ ಏಟಿಗೆ, ಅರ್ಧ ಕಂದಕ ದಾಟಿಹೋಗಿದ್ದರು. ಏಟು ತಿಂದವರು ಯಾವಾಗಲೂ ತಮ್ಮ ಬೆನ್ನಿನ ಕಡೆಗೇ ಎಗರುತ್ತಾರೆ. ನಾವು ಯಾವಾಗಲೂ ಮುಂದಕ್ಕೇ ಮುಖ ಮಾಡಿ ನಿಲ್ಲುವುದರಿಂದ ಗಿಡುಗ ನಮ್ಮನ್ನು ಹಿಂದಕ್ಕೆ ಎಸೆಯುತ್ತದೆ. ಅಂಚಿನಿಂದ ಹಾರಿ, ಗಾಳಿಯಲ್ಲಿರುವಾಗಲೇ ತಿರುಗಿ, ಬೆನ್ನು ಕಂದಕದ ಕಡೆಗಿಟ್ಟು, ಗಿಡುಗಕ್ಕೆ ಎದೆಯೊಡ್ಡಿದರೆ ಹಾರಿದ ದೂರಕ್ಕೆ ಏಟಿನ ದೂರವೂ ಸೇರುತ್ತದೆ. ಒಂದು ಗೇಣಲ್ಲ, ಮೊಳವೇ ದಾಟಬಹುದು. ಏಟು ತಡೆಯುವಷ್ಟು ಶಕ್ತಿ ಉಳಿದಿರಬೇಕು, ಅಷ್ಟೆ. ಅದಕ್ಕೆ ಭರ್ಜಿಯವನ ಹತ್ತಿರದ ಕಂಬದ ರೊಟ್ಟಿಯನ್ನು ಬಿಡಬಾರದು. ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರಿನ ಬಾಯಿಗಳಿಗೆ ಇರುವ ನಾಲ್ಕು ಕೂಗುಗಳಲ್ಲಿ ತಿರುಗು ಎನ್ನುವುದೇ ಇಲ್ಲ. ಮುಂದಕ್ಕೆ ಹೋಗುವ ಆಟದಲ್ಲಿ ಅದು ಯಾರಿಗೆ ಬೇಕಿತ್ತು?

ನಮ್ಮ ಮನೆಯ ಸರದಿಗೆ ಕೈ ಚಿಕ್ಕಮ್ಮನದು, ಬಾಯಿ ಮಾತ್ರ ಎರವಲು. ನಾನು ಕೂಗುವವಳಲ್ಲವೆಂದು ಮಲ್ಲಾರಪ್ಪನವರೇ ಪ್ರತಿಸಲ ಬಂದು ನಿಲ್ಲುತ್ತಿದ್ದರು. ಈ ಸಲ ಸರದಿ ಬಂದ ದಿನ ಮಧ್ಯಾಹ್ನ ಅವರು ಕೊರಳಿಗೆ ಮಫ್ಲರು ಸುತ್ತಿಕೊಂಡು ಬಾಗಿಲಲ್ಲಿ ನಿಂತರು. ಬಾಯಿ ತೆರೆದರೆ ಹಳೆಯ ಗೇಟು ಎಳೆದಂಥ ಸದ್ದು.

"ಗಂಟ್ಲು ಹೋಯ್ತು ತಾಯಿ."

"ಹೋಗ್ದೆ ಇನ್ನೇನು? ಮಂಡಕ್ಕಿ ಮಾರೋಕೆ ಯಾರಾದ್ರೂ ಅಷ್ಟು ಕಿರುಚ್ತಾರಾ?" ಚಿಕ್ಕಮ್ಮ ಗೋಡೆ ಹಿಡಿದು ಎದ್ದಳು. "ಈಗ ನನ್ ಬಾಯಿ ಯಾರು?"

ಮಲ್ಲಾರಪ್ಪ ನನ್ನ ಕಡೆ ಬೆರಳು ತೋರಿಸಿದರು. ನಾನು ಅಡುಗೆಮನೆಯ ಕಡೆ ನೋಡಿದೆ, ಅಲ್ಲಿ ಬೇರೆ ಯಾರೋ ಇರಬಹುದೆಂಬಂತೆ.

"ಇವ್ಳಾ?" ಚಿಕ್ಕಮ್ಮ ಜೋರಾಗಿ ನಕ್ಕಳು. "ಅಂಗಡೀಲಿ ಉಪ್ಪು ಕೇಳೋಕೆ ಹೋದ್ರೆ ಅವ್ರೇನ್ ಕೊಟ್ರೋ ಅದನ್ನ ತಗೊಂಡ್ ಬರ್ತಾಳೆ. ಹೋದ ವಾರ ಸೋಡಾಪುಡಿ ತಂದ್ಲು."

"ಸರದಿ ಬಿಟ್ಟುಬಿಡೋಣ ಚಿಕ್ಕಮ್ಮ," ಎಂದೆ.

ಅವಳ ನಗು ನಿಂತಿತು. "ಬಿಡೋದಾ? ನಿಂಗೊತ್ತಾ ಇಂದೂ, ಇಡೀ ಊರಲ್ಲಿ ನಾನು ಎಲ್ಲರ ಸಮಕ್ಕೆ ಕೂರೋ ಜಾಗ ಅದೊಂದೇ. ಆ ಕೋಣೇಲಿ ಯಾರಿಗೂ ಏನೂ ಕಾಣಲ್ಲ." ಹೇಳಿದ ಮೇಲೆ, ತನ್ನ ಮಾತು ಎಲ್ಲಿಗೆ ಹೋಯಿತೆಂದು ನೋಡುವವಳ ಹಾಗೆ ಮುಖ ಎತ್ತಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಳು ಮಬ್ಬು," ಎಂದಳು.

ಆ ಹೊತ್ತಿಗೇ ನಾನು ತೀರ್ಮಾನ ಮಾಡಿದೆ. ಅದರಲ್ಲಿ ಧೈರ್ಯವೇನೂ ಇರಲಿಲ್ಲ, ಹೇಡಿತನದ ಲೆಕ್ಕಾಚಾರವಿತ್ತು. ಘಟ್ಟ ದಾಟಿಸಿಬಿಟ್ಟರೆ ಬೆಳಕು ಬರುತ್ತದೆ. ನಾನು ಹೇಳಬೇಕಾದದ್ದನ್ನು ಬೆಳಕೇ ಅವಳಿಗೆ ಹೇಳುತ್ತದೆ. ಅವಳೇ ನೋಡಿಕೊಳ್ಳುತ್ತಾಳೆ, ಅವಳೇ ತಿಳಿದುಕೊಳ್ಳುತ್ತಾಳೆ, ಅವಳೇ ಡಾಕ್ಟರ ಹತ್ತಿರ ನಡಿ ಎನ್ನುತ್ತಾಳೆ. ನಾನು ಪಕ್ಕದಲ್ಲಿ ತಲೆಯಾಡಿಸಿದರೆ ಸಾಕು.

ಸಂಜೆ ಆಟದ ಮನೆಯ ಹಜಾರ ತುಂಬಿತ್ತು. ಮಲ್ಲಾರಪ್ಪನವರ ಗಂಟಲು ಹೋದ ಸುದ್ದಿ, ನಾನು ಬಾಯಿಗೆ ನಿಲ್ಲುವ ಸುದ್ದಿ, ಎರಡೂ ಜೊತೆಯಲ್ಲೇ ಊರು ಸುತ್ತಿದ್ದವು. ಚಿಕ್ಕಮ್ಮನನ್ನು ಕಿರುಕೋಣೆಯ ಮಣೆಯ ಮೇಲೆ ಕೂರಿಸಿ, ಹಿಡಿಗೆ ಅವಳ ಎಡಗೈ, ಗುಂಡಿಗಳಿಗೆ ಬಲಗೈ ಮುಟ್ಟಿಸಿ ಹೊರಗೆ ಬಂದೆ. ಹಿತ್ತಾಳೆಯ ಬಳೆ ತಣ್ಣಗಿತ್ತು. ಬೆನ್ನ ಹಿಂದೆ ಇಡೀ ಊರು ಕಡಲೆಕಾಯಿ ಸುಲಿಯುತ್ತಿತ್ತು.

ಪರದೆ ಬೆಳಗಿತು. ನೇರಳೆ ಮುಸ್ಸಂಜೆಯಲ್ಲಿ ನಮ್ಮವರು ನಿಂತಿದ್ದರು. ಮೊದಲ ಹಂಡೆ ಉರುಳಿ ಬಂತು. ಹಾರು ಎನ್ನಬೇಕು. ಆ ಮಾತು ನನ್ನ ಹಲ್ಲಿನ ಹಿಂದೆಯೇ ಇತ್ತು. ಅಲ್ಲೇ ಉಳಿಯಿತು. ಬಾಯಿ ಸುಮ್ಮನಿದ್ದುದರಿಂದ ಕೈ ನಡೆಸಿತು, ನಮ್ಮವರು ತಾವಾಗಿ ಹೋಗಿ ಹಂಡೆಗೆ ಡಿಕ್ಕಿ ಹೊಡೆದರು, ಮತ್ತೆ ಎದ್ದು ಎರಡನೆಯದಕ್ಕೆ, ಮೂರನೆಯದಕ್ಕೆ. ಒಂದು ಜೀವ ಹೋಯಿತು.

"ಏನ್ ಹುಡುಗಿ, ಮೌನವ್ರತನಾ?" ಯಾರೋ ಕೂಗಿದರು.

"ಡಿಗ್ರಿ ಓದಿದಾಳೆ ಕಣಯ್ಯ. ಬರೆದು ಕೊಡ್ತಾಳೆ ಅನ್ಸುತ್ತೆ," ಎಂದಿತು ಒಂದು ಹೆಣ್ಣುದನಿ. ನಗು ಹಬ್ಬಿತು. ಎರಡನೆಯ ಜೀವದಲ್ಲಿ ನಾನು ಕೂಗಿದೆ. ದನಿ ಒಡೆದು ಹಾರು ಎನ್ನುವುದು ಹಾ ಎಂದಷ್ಟೇ ಆಯಿತು. ಬಾವಲಿಗೆ ಕೂರು ಎಂದದ್ದು ತಡವಾಯಿತು. ಭರ್ಜಿಯವನ ಹತ್ತಿರ ಎರಡನೆಯದೂ ಹೋಯಿತು. ತೂತಿನಿಂದ ಚಿಕ್ಕಮ್ಮನ ದನಿ ಬಂತು, ನನಗಷ್ಟೇ ಕೇಳುವಂತೆ.

"ಇಂದೂ. ಕಿರುಚ್ಬೇಡ್ವೇ, ನಾನೇನ್ ಬೆಟ್ಟದ ಮೇಲಿದೀನಾ? ಮನೇಲಿ ದಾರ ಕೊಡೋವಾಗ ಮೆಲ್ಲಗೆ ಹೇಳ್ತೀಯಲ್ಲ, ಹಾಗೆ ಹೇಳು. ನಂಗೆ ಅಷ್ಟು ಸಾಕು."

ಬಳೆಗೆ ತುಟಿ ತಾಗುವಷ್ಟು ಹತ್ತಿರ ನಿಂತೆ. ಊರು ಬೆನ್ನ ಹಿಂದಿನಿಂದ ಎಲ್ಲೋ ದೂರ ಸರಿಯಿತು. "ಹಾರು," ಎಂದೆ, ಇದು ಹಳದಿ ಎನ್ನುವ ದನಿಯಲ್ಲಿ. ನಮ್ಮವರು ಹಾರಿದರು. "ಹಾರು. ನಡೆ. ಕೂರು." ಬಾವಲಿ ತಲೆಯ ಮೇಲೆ ಹಾದುಹೋಯಿತು. ಅವಳ ಬೆರಳು ಎಷ್ಟು ಚುರುಕು ಎಂದರೆ ಮಾತು ಮುಗಿಯುವ ಮುಂಚೆಯೇ ನಮ್ಮವರು ಮಾಡಿ ಮುಗಿಸುತ್ತಿದ್ದರು. ನಾನು ಎಂದೂ ಇಷ್ಟು ಮಾತಾಡಿರಲಿಲ್ಲ, ಯಾರೂ ಎಂದೂ ನನ್ನ ಮಾತನ್ನು ಹೀಗೆ ಕೇಳಿರಲಿಲ್ಲ.

"ಏನೂ ಕೇಳ್ಸಲ್ಲ!" ಎಂದು ಹಜಾರ ಗೊಣಗಿತು. ಆಮೇಲೆ ಗೊಣಗುವುದನ್ನು ಬಿಟ್ಟಿತು. ಭರ್ಜಿಯವನು ಕೈ ಎತ್ತುವ ಮುಂಚೆಯೇ ಬಿದ್ದ. ಕಂಬ ಒಡೆಯಿತು, ರೊಟ್ಟಿ ಬಿತ್ತು, ನಮ್ಮವರು ತಿಂದರು, ಶಕ್ತಿಯ ಪಟ್ಟಿ ತುಂಬಿತು. ಕಡಲೆಕಾಯಿ ಸಿಪ್ಪೆಯ ಸದ್ದೂ ನಿಂತಾಗ ನಮ್ಮವರು ಅಂಚಿಗೆ ಬಂದಿದ್ದರು.

"ಚಿಕ್ಕಮ್ಮ, ಈಗ ನಾನು ಒಂದು ಹೊಸ ಮಾತು ಹೇಳ್ತೀನಿ. ಹಾರು ಅಂದ ತಕ್ಷಣ ಹಾರು. ಆಮೇಲೆ ತಿರುಗು ಅಂತೀನಿ. ಹಿಡೀನ ಎಡಕ್ಕೆ ತಿರುಗಿಸಿ, ಹಾಗೇ ಬಿಟ್ಬಿಡು."

"ಎಡಕ್ಕಾ? ಬಂದ ಕಡೆಗಾ?"

"ಹೌದು. ಏಟು ಬೀಳುತ್ತೆ. ಬೀಳ್ಲಿ."

ಗೋಡೆಯ ಆಚೆ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಎಡ ಅಂಚಿನಲ್ಲಿ ಗಿಡುಗದ ಕೊಕ್ಕು ಕಂಡಿತು.

"ಹಾರು."

ನಮ್ಮವರು ನೇರಳೆಯೊಳಗೆ ಎದ್ದರು. ಗಿಡುಗ ನೇರ ಬರುತ್ತಿತ್ತು.

"ತಿರುಗು."

ನಮ್ಮವರು ತಿರುಗಿದರು. ಮುದುಕರ ಆ ಸೀನು ಬಿಟ್ಟರೆ, ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಮುಖದ ಇನ್ನೊಂದು ಮಗ್ಗುಲನ್ನು ಊರು ನಿಂತು ನೋಡಿತು. "ಅಯ್ಯೋ, ಏನ್ ಮಾಡ್ತಿದಾಳೆ ಇವ್ಳು!" ಎಂದು ಯಾರೋ ಎದ್ದರು. ಗಿಡುಗ ಎದೆಗೆ ಬಡಿಯಿತು. ನಮ್ಮವರು ಬೆನ್ನು ಮುಂದಾಗಿ ತೇಲಿದರು, ಯಾರೋ ಎತ್ತಿಕೊಂಡು ಹೋಗುತ್ತಿರುವ ಹಾಗೆ. ಕಪ್ಪು ಬಾಯಿ ಅವರ ಕೆಳಗೆ ಹರಿದುಹೋಯಿತು. ಆಚೆ ಮಾಳಿಗೆಯ ಮೇಲೆ ಕುಕ್ಕರಿಸಿ ಬಿದ್ದು, ಎದ್ದರು.

ಆಚೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಸಲಹೆ ಕೂಗಲು ಯಾರ ಬಳಿಯೂ ಏನೂ ಇರಲಿಲ್ಲ. ನಾನು ಅವಳಿಗೆ "ನಡೆ" ಎಂದೆ. ಒಂದು ಉದ್ದನೆಯ ಮಾಳಿಗೆ. ಹಂಡೆಯಿಲ್ಲ, ಬಾವಲಿಯಿಲ್ಲ. ಒಣಹಾಕಿದ ಒಂದು ಸೀರೆ ಗಾಳಿಗೆ ಅಲುಗಾಡುತ್ತಿತ್ತು, ಒಂದು ಬೆಕ್ಕು ಮಲಗಿತ್ತು. "ನಡೆ," ಎಂದೆ ಮತ್ತೆ, ಸುಮ್ಮನಿದ್ದರೂ ನಡೆಯುತ್ತಾಳೆಂದು ಗೊತ್ತಿದ್ದೂ. ಕೊನೆಯಲ್ಲಿ ಒಂದು ಬಾಗಿಲು ತೆರೆದೇ ಇತ್ತು. ನಮ್ಮವರು ತಲೆ ತಗ್ಗಿಸಿ ಒಳಗೆ ಹೋದರು.

ಮೊದಲು ಕಿಟಕಿಗಳು ಬದಲಾದವು. ನೇರಳೆ, ಬಟ್ಟೆಯಿಂದ ಬಣ್ಣ ಬಿಡುವ ಹಾಗೆ, ಅಂಚಿನಿಂದ ಇಳಿದುಹೋಯಿತು. ಅದರ ಹಿಂದಿನಿಂದ ಮಾಗಿದ ನಿಂಬೆಹಣ್ಣಿನಂಥ ಬೆಳಕು ಹಜಾರದ ನೆಲಕ್ಕೆ ಬಿತ್ತು, ಕಿಟಕಿಯ ಸರಳುಗಳು ಕಪ್ಪಗೆ ನೆಲದ ಮೇಲೆ ಮಲಗಿದವು. ಒಂದು ಮಗು ತನ್ನ ಕಾಲಿಗೆ ಅಂಟಿದ್ದನ್ನು ಕಂಡು ಕಿಟಾರನೆ ಕಿರುಚಿ ಅಮ್ಮನ ಸೊಂಟಕ್ಕೆ ಏರಿತು. ಆಮೇಲೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಹೊರಗೆ ಕೂಗು, ನಗು, ಗೋಡೆಯ ಮೇಲೆ ಕೈಬೆರಳಿನ ನೆರಳಾಡಿಸುವವರು, ಹೆಂಡತಿಯ ಮುಖವನ್ನು ಹೊಸದಾಗಿ ನೋಡಿ "ನಿಂಗೆ ಇಲ್ಲೊಂದು ಮಚ್ಚೆ ಇತ್ತೇನೇ?" ಎನ್ನುವವರು. ನನ್ನನ್ನು ಯಾರೂ ಹುಡುಕಲಿಲ್ಲ. ನನಗೂ ಅದೇ ಬೇಕಿತ್ತು.

ಕಿರುಕೋಣೆಗೆ ಹೋಗಿ ಚಿಕ್ಕಮ್ಮನನ್ನು ಎಬ್ಬಿಸಿದೆ. ಅವಳ ಅಂಗೈ ಬೆವತಿತ್ತು. "ದಾಟಿದ್ವಾ?" "ಹೂಂ." "ನಿಜವಾಗ್ಲೂ?" "ಹೂಂ." ಅವಳು ನನ್ನ ಕೆನ್ನೆ ಹಿಂಡಿ, "ಕಳ್ಳಿ! ಇಷ್ಟೆಲ್ಲ ಬರುತ್ತೆ ಅಂತ ಒಂದ್ ಮಾತು ಹೇಳಿದ್ಯಾ?" ಎಂದಳು. ಹಿತ್ತಿಲ ಬಾಗಿಲಿನಿಂದ ಅಂಗಳಕ್ಕೆ ಕರೆದುಕೊಂಡು ಬಂದೆ. ಈಗ ಬೆಳಕು ಹೇಳುತ್ತದೆ ಎಂದುಕೊಂಡೆ. ಅವಳ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತೆ, ದಾರಿ ಬಿಡುವವಳ ಹಾಗೆ.

ಚಿಕ್ಕಮ್ಮ ಮುಖ ಎತ್ತಿದಳು. ನಿಂಬೆ ಬೆಳಕು ಅವಳ ಹಣೆಯ ಮೇಲೆ, ಮೂಗುಬೊಟ್ಟಿನ ಮೇಲೆ, ತೆರೆದ ಎರಡೂ ಕಣ್ಣುಗಳ ಮೇಲೆ ನೇರವಾಗಿ ಬಿದ್ದಿತ್ತು. ಅವಳು ಕುತ್ತಿಗೆಯನ್ನು ಆ ಕಡೆ ಈ ಕಡೆ ವಾಲಿಸಿ, ಪಾತ್ರೆಯ ತಳದಲ್ಲಿ ಏನಿದೆಯೆಂದು ನೋಡುವಂತೆ ಆಕಾಶ ನೋಡಿದಳು. ಬಹಳ ಹೊತ್ತು ನೋಡಿದಳು.

"ಒಂಚೂರು ತಿಳಿಯಾಗಿದೆ, ಅಲ್ವಾ?" ಎಂದಳು. ಆಮೇಲೆ, ಮೋಸ ಹೋದವಳ ಹಾಗೆ, "ಆದ್ರೆ ಮಬ್ಬು ಹಾಗೇ ಇದ್ಯಲ್ಲೇ ಇಂದೂ. ಪೂರ್ತಿ ದಾಟ್ಲಿಲ್ಲ ಅನ್ಸುತ್ತೆ ನಾವು. ಇವ್ರೆಲ್ಲ ಇಷ್ಟಕ್ಕೇ ಯಾಕೆ ಕುಣೀತಿದಾರೆ?"

ಮಲ್ಲಾರಪ್ಪ ನಮ್ಮನ್ನು ಹುಡುಕಿಕೊಂಡು ಅಂಗಳಕ್ಕೆ ಬಂದಿದ್ದರು. ಅವಳ ಮಾತು ಕೇಳಿ ಅವರ ನಗು ಮುಖದಲ್ಲೇ ನಿಂತಿತು. ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ಆ ಒಡೆದ ಗಂಟಲಲ್ಲೇ, ತುಂಬ ಮೆತ್ತಗೆ, "ಹೂಂ ತಾಯಿ, ಇನ್ನೂ ಪೂರ್ತಿ ಆಗಿಲ್ಲ. ನಿಧಾನಕ್ಕೆ ಬೆಳಕಾಗುತ್ತೆ," ಎಂದರು.

"ಹಾಗನ್ನಿ ಮತ್ತೆ," ಎಂದು ಚಿಕ್ಕಮ್ಮ ಸಮಾಧಾನದ ಉಸಿರು ಬಿಟ್ಟಳು. "ಇನ್ನೊಂದಷ್ಟು ದಿನ ಕಾಯೋದು ತಾನೇ? ಕಾದ್ರಾಯ್ತು." ನನ್ನ ಕೈಗಾಗಿ ಗಾಳಿಯಲ್ಲಿ ತಡಕಾಡಿದಳು, ನಾನು ನಿಂತಿರದ ಕಡೆಗೆ.

ಬೆಳಕು ಏನೂ ಹೇಳಲಿಲ್ಲ. ಅಂಗಳದ ತುಂಬ ಬಿದ್ದುಕೊಂಡು ಸುಮ್ಮನಿತ್ತು. ನಾನು ಮುಂದೆ ಹೋಗಿ ಅವಳೆದುರು ನಿಂತೆ. ಅವಳ ಎರಡೂ ಕೈ ಹಿಡಿದುಕೊಂಡೆ. ದನಿ ನಡುಗಲಿಲ್ಲ. ಅದು ದಾರ ಕೊಡುವಾಗಿನ ದನಿಯೂ ಅಲ್ಲ, ಹಿತ್ತಾಳೆ ಬಳೆಗೆ ಹೇಳಿದ ದನಿಯೂ ಅಲ್ಲ, ಮಲ್ಲಾರಪ್ಪನವರಿಗೂ, ಬೇಲಿಯಾಚೆ ಕುಣಿಯುತ್ತಿದ್ದವರಿಗೂ ಕೇಳುವಷ್ಟು ದೊಡ್ಡದಾಗಿತ್ತು.

"ಪೂರ್ತಿ ದಾಟಿದೀವಿ ಚಿಕ್ಕಮ್ಮ. ಆಕಾಶ ಬೆಳ್ಳಗೆ ಬೆಳಗಿದೆ. ಮಬ್ಬು ನಿನ್ ಕಣ್ಣಲ್ಲಿದೆ."